ಹಾಡಿನ ಪಟ್ಟಿ ಬರೆದುಕೊಟ್ಟ ಮಳೆಗಾಲ

ಕಳೆದ ತಿಂಗಳು ಜಯನಗರ ನಾಲ್ಕನೇ ಬ್ಲಾಕಿನ ಒಂದು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಂತಿದ್ದಾಗ ನನಗೆ ಇದ್ದಕ್ಕಿದ್ದಂತೆ ಕೋಪ ಬಂತು. ಅಂಗಡಿಯವನದು ಏನೂ ತಪ್ಪಿರಲಿಲ್ಲ. ಫೋನು ಬಿಚ್ಚಿ, ಬೆಸುಗೆ ಕಡ್ಡಿಯ ತುದಿಯನ್ನು ಒಳಗೆಲ್ಲೋ ತಾಗಿಸಿದ. ಒಂದೆಳೆ ಹೊಗೆ ಎದ್ದಿತು. ಮೊದಲು ರಾಳ ಸುಟ್ಟ ವಾಸನೆ, ಅದರ ಬೆನ್ನಿಗೇ ಕಾದ ಸೀಸದ ವಾಸನೆ. "ಐದ್ ನಿಮಿಷ ಆಂಟಿ, ಕೂತ್ಕೊಳಿ" ಎಂದ. ನಾನು ಕೂರಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗಲೂ ಆ ಕೋಪ ಇಳಿದಿರಲಿಲ್ಲ. ನಲವತ್ತು ವರ್ಷ ಕಳೆದರೂ ಒಬ್ಬ ಮನುಷ್ಯನ ಮೇಲಿನ ಸಿಟ್ಟು ಹೀಗೆ ಹಸಿಯಾಗಿ ಉಳಿದಿರುತ್ತದೆ ಎಂದು ನಾನು ತಿಳಿದಿರಲಿಲ್ಲ. ಒಬ್ಬನ ಮೇಲಲ್ಲ, ಇಬ್ಬರ ಮೇಲೆ. ಎರಡನೆಯವಳು ನಾನೇ.

ಅದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಬಿ.ಎ. ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತು, ಟೈಪಿಂಗ್ ಕಲಿತು, ಕೊನೆಗೆ ಸಾರಕ್ಕಿ ಕಡೆಯ ಶೆಡ್ಡುಗಳ ಸಾಲಿನಲ್ಲಿದ್ದ ಒಂದು ಫ್ಯಾಕ್ಟರಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ರೇಡಿಯೋದ ಹೊಟ್ಟೆಯೊಳಗಿರುವ ಹಸಿರು ಬೋರ್ಡುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಕಲ್ನಾರಿನ ಶೀಟು ಹೊದಿಸಿದ ಉದ್ದನೆಯ ಹಾಲು. ಆರು ಸಾಲು ಬೆಂಚು. ಪ್ರತಿ ಬೆಂಚಿನಲ್ಲೂ ಹೆಂಗಸರು, ಒಟ್ಟು ಎಪ್ಪತ್ತು ಚಿಲ್ಲರೆ ಜನ. ಎಡಗೈಯಲ್ಲಿ ಸೀಸದ ತಂತಿ, ಬಲಗೈಯಲ್ಲಿ ಬೆಸುಗೆ ಕಡ್ಡಿ, ಕಣ್ಣು ಬೋರ್ಡಿನ ಮೇಲೆ. ಬೆಳಗ್ಗೆ ಎಂಟಕ್ಕೆ ಬಗ್ಗಿಸಿದ ಕತ್ತನ್ನು ಸಂಜೆ ಐದಕ್ಕೆ ಎತ್ತುತ್ತಿದ್ದರು. ನನ್ನ ಕೆಲಸ ಅದಕ್ಕಿಂತ ಸುಲಭದ್ದು. ಗಂಟೆಗೊಮ್ಮೆ ಸಾಲುಗಳ ನಡುವೆ ನಡೆದು, ಯಾವ ಬೆಂಚಿನಲ್ಲಿ ಎಷ್ಟು ಬೋರ್ಡು ಮುಗಿದಿದೆ ಎಂದು ಎಣಿಸಿ ಬರೆದುಕೊಳ್ಳುವುದು. ವಯಸ್ಸಿನಲ್ಲಿ ನನಗಿಂತ ದೊಡ್ಡವರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ನನಗದು ಇಷ್ಟವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ನಮ್ಮ ಪರ್ಸನೆಲ್ ಆಫೀಸರ್, ಅಂದರೆ ಕೆಲಸಗಾರರ ಉಸ್ತುವಾರಿಯ ಅಧಿಕಾರಿ, ಗೋಪಿನಾಥ್ ಎಂಬುವರು. ಮೆತ್ತನೆಯ ಮಾತು, ಇಸ್ತ್ರಿ ಮಾಡಿದ ಅರ್ಧ ತೋಳಿನ ಶರ್ಟು, ಮೇಜಿನ ಮೇಲೆ ಸದಾ ಒಂದು ಕಾದಂಬರಿ. ನನ್ನನ್ನು ಕೂರಿಸಿ ಕಾಫಿ ತರಿಸಿಕೊಟ್ಟ ಮೊದಲ ಅಧಿಕಾರಿ ಅವರು. ಜೂನ್ ತಿಂಗಳ ಮೊದಲ ಮಳೆಯ ವಾರದಲ್ಲಿ ಒಂದು ದಿನ ಕರೆಸಿ, "ವನಜಾ, ನೀವು ಹಾಡ್ತೀರಂತೆ" ಎಂದರು.

"ಕಾಲೇಜಲ್ಲಿ ಹಾಡ್ತಿದ್ದೆ ಸಾರ್. ಈಗ ಕೇಳೋದಷ್ಟೇ."

"ಹಾಲ್‌ನಲ್ಲಿ ಸ್ಪೀಕರ್ ಹಾಕಿಸ್ತಾ ಇದೀನಿ. ಮಧ್ಯಾಹ್ನ ಅರ್ಧ ಗಂಟೆ ಹಾಡು. ಪಾಪ, ದಿನವಿಡೀ ತಲೆ ತಗ್ಗಿಸ್ಕೊಂಡು ಕೂತಿರ್ತಾರೆ. ನಮ್ಮ ಹೆಣ್ಮಕ್ಕಳಿಗೆ ಏನು ಇಷ್ಟ ಅಂತ ನನಗೇನು ಗೊತ್ತು? ನೀವೇ ಕೇಳಿ, ನೀವೇ ಆರಿಸಿ. ಪೂರ್ತಿ ನಿಮಗೆ ಬಿಟ್ಟಿದ್ದು."

ಪೂರ್ತಿ ನಿಮಗೆ ಬಿಟ್ಟಿದ್ದು. ಇಪ್ಪತ್ಮೂರು ವರ್ಷದ ಹುಡುಗಿಗೆ ಇದಕ್ಕಿಂತ ಇನ್ನೇನು ಬೇಕು? ಅಂದೇ ಒಂದು ಹೊಸ ನೋಟ್‌ಬುಕ್ಕು ತಂದೆ.

ಊಟದ ಹೊತ್ತಿನಲ್ಲಿ ಒಬ್ಬೊಬ್ಬರ ಪಕ್ಕ ಕೂತು ಕೇಳಿದೆ. ತಲೆಗೊಂದು ಹಾಡು, ಯಾವುದು ಬೇಕಾದರೂ. ಮೊದಲ ದಿನ ನಕ್ಕರು. "ಯಾವ್ದಾದ್ರೂ ಹಾಕಿ ಮೇಡಂ" ಎಂದು ಡಬ್ಬಿಯ ಮುಚ್ಚಳ ಮುಚ್ಚಿದರು. ಎರಡನೆಯ ದಿನದಿಂದ ತಾವಾಗಿ ಬಂದರು, ಕೈತೊಳೆಯುವ ನಲ್ಲಿಯ ಹತ್ತಿರ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಕಿವಿಯ ಹತ್ತಿರ ಬಂದು ಹೇಳಿದರು. ಒಬ್ಬಳು ತಮಿಳು ಹಾಡೊಂದನ್ನು ಕೇಳಿ, "ಹಾಕಿದ್ರೆ ಗಲಾಟೆ ಆಗುತ್ತಾ ಮೇಡಂ?" ಎಂದು ಹೆದರಿದಳು. ಭಾಷೆಯ ಗಲಾಟೆಗಳ ಆ ವರ್ಷಗಳಲ್ಲಿ ಹಾಗೆ ಹೆದರುವುದಕ್ಕೆ ಕಾರಣವಿತ್ತು. ಬರೆದುಕೊಂಡೆ. ಇನ್ನೊಬ್ಬಳು ಒಂದು ಹಾಡನ್ನು ಹಾಕಲೇಬಾರದು ಎಂದು ಕೇಳಿಕೊಂಡಳು. ಅವಳ ಮದುವೆಯ ಚಪ್ಪರದಲ್ಲಿ ಅದನ್ನೇ ಮತ್ತೆ ಮತ್ತೆ ಹಾಕಿದ್ದರಂತೆ, ಗಂಡ ಎರಡನೇ ವರ್ಷಕ್ಕೆ ಬಿಟ್ಟುಹೋಗಿದ್ದ. ಅದನ್ನೂ ಬರೆದುಕೊಂಡೆ, ಬೇರೆ ಪುಟದಲ್ಲಿ.

ಮೂರನೇ ಸಾಲಿನ ಸುಜಾತಾ ಎಲ್ಲರಿಗಿಂತ ನೇರ. ಹತ್ತೊಂಬತ್ತರ ಹುಡುಗಿ, ಸುಬ್ರಹ್ಮಣ್ಯಪುರದ ಕಾಲೋನಿಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದಳು. ಹಾಲಿನಲ್ಲೇ ಅತಿ ಚುರುಕಿನ ಕೈ ಅವಳದು. "ನಮ್ಮನೇಲಿ ಇರೋದು ಬುದ್ಧನ ಪಟ ಒಂದೇ ಮೇಡಂ. ಬರೀ ದೇವರ ಹಾಡು ಹಾಕಿದ್ರೆ ನಂಗೆ ಬೇಡ. ಪ್ರೀತಿ ಪ್ರೇಮಾನೂ ಸಾಕಾಗಿದೆ. ಹೆಂಗಸು ಒಬ್ಬಳೇ ಹಾಡಿರ್ಬೇಕು, ಅಳ್ಬಾರ್ದು. ಅಂಥದ್ದು ಇದ್ರೆ ಹಾಕಿ" ಎಂದಳು. ಹುಡುಕಿ ನೋಡಿ, ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ. ನಾನು ಎರಡು ವಾರ ಹುಡುಕಿದೆ.

ಪಟ್ಟಿ ಕೈಗೆ ಬಂದ ಮೇಲೆ ಅದನ್ನು ಜೋಡಿಸುವ ಕೆಲಸ. ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ, ಅಂದರೆ ಏಳೋ ಎಂಟೋ ಹಾಡು. ಊಟವಾಗಿ ಮಂಪರು ಹತ್ತುವ ಹೊತ್ತು ಎಂದು ಮೊದಲನೆಯದು ತೀರ ಮೆತ್ತಗಿರಬಾರದು. ಹಾಗೆಂದು ಬೆಚ್ಚಿಬೀಳಿಸಲೂ ಬಾರದು, ಕೈಯಲ್ಲಿ ಕಾದ ಕಬ್ಬಿಣ ಇರುತ್ತದೆ. ಮೂರನೆಯದು ಎಲ್ಲರ ಬಾಯಿಗೂ ಬರುವಂಥದ್ದು. ಅಳು ಬರಿಸುವ ಹಾಡುಗಳು ಎರಡು ಒಟ್ಟೊಟ್ಟಿಗೆ ಬೇಡ. ಒಂದು ಸಾಲಿನವರು ಕೇಳಿದ ಹಾಡು ಬಂದ ಮೇಲೆ ಇನ್ನೊಂದು ಸಾಲಿನವರದು ಬರಬೇಕು, ಯಾರೂ ಹೊರಗುಳಿಯಬಾರದು. ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಒರಗಿ, ಅಪ್ಪನ ಕೈಗಡಿಯಾರ ನೋಡುತ್ತಾ, ಹಾಡುಗಳನ್ನು ಬಾಯಲ್ಲೇ ಹಾಡಿಕೊಂಡು ನಿಮಿಷ ಲೆಕ್ಕ ಹಾಕುತ್ತಿದ್ದೆ.

ಜಯನಗರದ ಕಾಂಪ್ಲೆಕ್ಸಿನಲ್ಲಿ ಆಗ ಪಟ್ಟಿ ಕೊಟ್ಟರೆ ರೆಕಾರ್ಡಿನಿಂದ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುವ ಅಂಗಡಿಯೊಂದಿತ್ತು. ಅಂಗಡಿಯಾತ ನನ್ನ ಪಟ್ಟಿ ನೋಡಿ ಹುಬ್ಬು ಗಂಟಿಕ್ಕಿದ.

"ಈ ಹಾಡಾದ್ಮೇಲೆ ಇದಾ? ಒಂದಕ್ಕೊಂದು ಹೊಂದಲ್ಲ ಮೇಡಂ."

"ನಿಮ್ಗೆ ಹೊಂದಲ್ಲ. ಸೀಸ ಕರಗಿಸ್ತಾ ಕೂತಿರೋರಿಗೆ ಹೊಂದುತ್ತೆ."

ಆ ಉತ್ತರ ಕೊಟ್ಟ ಹೆಮ್ಮೆಯಲ್ಲಿ ಮನೆಯವರೆಗೂ ನಡೆದೇ ಬಂದಿದ್ದೆ.

ಮೊದಲ ದಿನ ಸ್ಪೀಕರಿನಿಂದ ಹಾಡು ಬಂದಾಗ ಯಾರೂ ತಲೆ ಎತ್ತಲಿಲ್ಲ, ಆದರೆ ಎಪ್ಪತ್ತು ಬೆನ್ನುಗಳು ಒಮ್ಮೆಲೇ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ತಮ್ಮ ಹಾಡು ಬಂದವರು ಮಾತ್ರ ಪಕ್ಕದವಳನ್ನು ಮೊಣಕೈಯಲ್ಲಿ ತಿವಿಯುತ್ತಿದ್ದರು. ತಮಿಳು ಹಾಡು ಬಂತು, ಗಲಾಟೆ ಆಗಲಿಲ್ಲ. ಸುಜಾತಾಳ ಹಾಡು ಬಂದಾಗ ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು, ಪರವಾಗಿಲ್ಲ ಎನ್ನುವ ಹಾಗೆ. ಎರಡನೇ ಸಾಲಿನ ಹನುಮಕ್ಕ ಮಾತ್ರ ಏನೂ ತೋರಿಸಿಕೊಳ್ಳಲಿಲ್ಲ. ಚಿಕ್ಕಲಸಂದ್ರದವಳು, ಐವತ್ತರ ಹತ್ತಿರ. ಕೆಲಸದವರೆಲ್ಲ ಅವಳ ಮಾತಿಗೆ ಕಿವಿಗೊಡುತ್ತಿದ್ದರು. "ಚೆನ್ನಾಗೈತೆ ಕಣವ್ವ. ನಮ್ಮನ್ನ ಕೇಳಿ ಮಾಡ್ದಲ್ಲ, ಅದು ಚೆನ್ನಾಗೈತೆ" ಎಂದಳು ಸಂಜೆ ಗೇಟಿನ ಹತ್ತಿರ.

ಇಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಈ ಬರಹ ಬರೆಯಬೇಕಾಗಿರಲಿಲ್ಲ.

ಗಂಟೆಗೊಮ್ಮೆ ಬೋರ್ಡು ಎಣಿಸುವವಳಲ್ಲವೇ, ನನಗೊಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಹಾಡುಗಳು ಬರುವಾಗ ಕೈಗಳು ಓಡುತ್ತಿದ್ದವು. ಅವರಿಗೇ ಗೊತ್ತಿಲ್ಲದಂತೆ, ಡೋಲಕ್ಕಿನ ಪೆಟ್ಟಿಗೆ ಸರಿಯಾಗಿ ಕಡ್ಡಿ ಬೋರ್ಡಿಗೆ ತಾಗುತ್ತಿತ್ತು. ಮೆಲ್ಲನೆಯ ಹಾಡು ಬಂದರೆ ಮೆಲ್ಲಗಾಗುತ್ತಿತ್ತು. ನನಗೆ ಅದೊಂದು ಚಮತ್ಕಾರದಂತೆ ಕಂಡಿತು. ಹಾಡಿಗೆ ಇಷ್ಟು ಶಕ್ತಿ ಇದೆಯಲ್ಲ ಎಂದು ಖುಷಿಪಟ್ಟೆ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ನಾನಾಗಿಯೇ ಎರಡು ವಾರ ಹಾಡಿಗೊಮ್ಮೆ ಎಣಿಸಿದೆ. ಎಡಗಡೆ ಹಾಡು, ಬಲಗಡೆ ಬೋರ್ಡಿನ ಲೆಕ್ಕ. ಓಡಿಸುವ ಹಾಡುಗಳ ಕೆಳಗೆ ಕೆಂಪು ಪೆನ್ಸಿಲ್ಲು, ನಿಧಾನದವಕ್ಕೆ ಹಸಿರು. ದೊಡ್ಡ ಹಾಳೆಯ ಮೇಲೆ ಚೆಂದವಾಗಿ ಬರೆದು ಗೋಪಿನಾಥರ ಮೇಜಿನ ಮೇಲೆ ಹರಡಿದೆ.

"ನೋಡಿ ಸಾರ್, ಈ ಹಾಡು ಬಂದ್ರೆ ಎಲ್ರ ಕೈಯೂ ಓಡುತ್ತೆ."

ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ವನಜಾ, ನೀವು ಇಲ್ಲಿ ಎಣಿಸ್ಕೊಂಡು ಇರ್ಬೇಕಾದೋರಲ್ಲ. ತುಂಬಾ ಬುದ್ಧಿವಂತರು" ಎಂದರು. ಆ ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟು, ಕಾಫಿ ತರಿಸಿದರು. ನಾನು ಕುಡಿದೆ.

ಗಣೇಶನ ಹಬ್ಬದ ಮಾರನೆಯ ವಾರ ಹಾಲಿನ ಬಾಗಿಲಿಗೆ ನೋಟೀಸು ಅಂಟಿಸಿದರು. ದಿನಕ್ಕೆ ಒಬ್ಬೊಬ್ಬರು ನೂರಿಪ್ಪತ್ತು ಬೋರ್ಡು ಮುಗಿಸಬೇಕಿತ್ತು. ಇನ್ನು ಮೇಲೆ ನೂರ ನಲವತ್ತೆಂಟು. ಅದರ ಜೊತೆಗೇ ಗೋಪಿನಾಥರು ನನ್ನ ಕೈಗೊಂದು ಚೀಟಿ ಕೊಟ್ಟರು. ಕೆಂಪು ಗೆರೆ ಎಳೆದ ಹಾಡುಗಳು ಮಾತ್ರ ಅದರಲ್ಲಿದ್ದವು. "ಇವಿಷ್ಟೇ ಬರೋ ಹಾಗೆ ನಾಲ್ಕು ಕ್ಯಾಸೆಟ್ ಮಾಡಿಸಿ. ಮಧ್ಯೆ ಗ್ಯಾಪ್ ಬೇಡ. ಇನ್ಮೇಲೆ ಬೆಳಗ್ಗೆಯಿಂದ ಸಂಜೆವರೆಗೆ ಹಾಡು. ಹೆಣ್ಮಕ್ಕಳಿಗೂ ಖುಷಿಯಾಗುತ್ತೆ."

ನನಗೆ ಅರ್ಥವಾಗಲಿಲ್ಲ ಎಂದು ಬರೆಯಬಹುದು. ಸುಳ್ಳಾಗುತ್ತದೆ. ಆ ಚೀಟಿ ಕೈಗೆ ಬಂದ ಕ್ಷಣವೇ ಅರ್ಥವಾಗಿತ್ತು. ಅಪ್ಪ ಆ ವರ್ಷವೇ ನಿವೃತ್ತರಾಗಿದ್ದರು, ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಕಾರಣಗಳಿದ್ದವು. ಅವನ್ನು ಬರೆಯುತ್ತಾ ಹೋದರೆ ಅದು ಸಮಜಾಯಿಷಿ ಆಗುತ್ತದೆ. ಕ್ಯಾಸೆಟ್ಟು ಮಾಡಿಸಿ ತಂದೆ.

ಮೊದಲ ಎರಡು ದಿನ ಹಾಲಿನಲ್ಲಿ ಹಬ್ಬದಂತಿತ್ತು. ಮೂರನೆಯ ದಿನದಿಂದ ಯಾರೂ ಗುನುಗಲಿಲ್ಲ. ನಾಲ್ಕು ಕ್ಯಾಸೆಟ್ಟು, ಅದೇ ಹಾಡುಗಳು, ತಿರುಗಿ ತಿರುಗಿ. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ಬೆನ್ನಿಗೆ ಗುದ್ದಿದ ಹಾಗೆ. ತಮಗೆ ಪ್ರಿಯವಾದ ಹಾಡನ್ನು ನನ್ನ ಕಿವಿಯಲ್ಲಿ ಹೇಳಿದ್ದ ಹೆಂಗಸರು ಈಗ ಅದೇ ಹಾಡು ಶುರುವಾದರೆ ಹಲ್ಲು ಕಚ್ಚುತ್ತಿದ್ದರು. ಒಬ್ಬಳು ನನ್ನ ಸೆರಗು ಹಿಡಿದು, "ಸ್ವಲ್ಪ ಕಮ್ಮಿ ಮಾಡಕ್ಕೆ ಹೇಳಿ ಮೇಡಂ. ಮನೆಗೆ ಹೋದ್ರೂ ತಲೇಲಿ ಬಡಿತಾನೇ ಇರುತ್ತೆ. ಮಗೂಗೆ ಹಾಲು ಕುಡ್ಸೋವಾಗ್ಲೂ ಅದೇ" ಎಂದಳು. ಹೇಳುತ್ತೇನೆ ಎಂದೆ. ಹೇಳಲಿಲ್ಲ.

ಸೆಪ್ಟೆಂಬರಿನ ಮಳೆ ಮಧ್ಯಾಹ್ನದ ಹೊತ್ತಿಗೆ ಬನಶಂಕರಿ ಕಡೆಯಿಂದ ಕಪ್ಪಾಗಿ ಬರುತ್ತಿತ್ತು. ಶೀಟಿನ ಮೇಲೆ ಅದು ಬಿದ್ದರೆ ಹಾಲಿನಲ್ಲಿ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಅಂಥ ಒಂದು ದಿನ ಮಳೆ ಜೋರಾಗಿ ಹಾಡು ಪೂರ್ತಿ ಮುಚ್ಚಿಹೋಯಿತು. ಕೈಗಳು ತಾವಾಗಿಯೇ ಹಳೆಯ ನಡಿಗೆಗೆ ಇಳಿದವು. ಒಬ್ಬಳು ಕತ್ತು ತಿರುಗಿಸಿಕೊಂಡಳು, ಇನ್ನೊಬ್ಬಳು ಕಣ್ಣು ಮುಚ್ಚಿ ತೆರೆದಳು. ಇಪ್ಪತ್ತು ನಿಮಿಷ. ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಇನ್ನೆರಡು ಸ್ಪೀಕರು ಕಟ್ಟಿಹೋದ. ಮಳೆಗಿಂತ ಜೋರಾಗಿ ಕೇಳಬೇಕು ಎಂದು ಗೋಪಿನಾಥರ ಆಜ್ಞೆ. ಪಾಪ ಎಂದಿದ್ದ ಅದೇ ಬಾಯಿ.

ಸುಜಾತಾಳ ಕೈ ಸುಟ್ಟದ್ದು ಅದಾಗಿ ಒಂದು ವಾರಕ್ಕೆ. ಮುಗಿದ ಬೋರ್ಡನ್ನು ಆಚೆ ತಳ್ಳಿ, ಇನ್ನೊಂದನ್ನು ಎಳೆದುಕೊಳ್ಳುವ ಅವಸರದಲ್ಲಿ, ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟೆನೆಂದುಕೊಂಡು ನೋಡದೆ ಕೈಚಾಚಿದಳು. ಕಡ್ಡಿ ಸ್ಟ್ಯಾಂಡಿನಲ್ಲಿರಲಿಲ್ಲ. ಎಡಗೈಯ ಎರಡು ಬೆರಳು ಮತ್ತು ಅಂಗೈಯ ಬುಡ ಅದರ ಮೇಲೆ ಊರಿತು. ಅವಳು ಕೂಗಿದ್ದು ನನಗೆ ಕೇಳಿಸಲಿಲ್ಲ. ಪಕ್ಕದ ಬೆಂಚಿನಲ್ಲಿ ಎಣಿಸುತ್ತಿದ್ದವಳಿಗೆ ಕೇಳಿಸಲಿಲ್ಲ, ಅಷ್ಟು ಜೋರಾಗಿತ್ತು ಹಾಡು. ಅವಳ ಬಾಯಿ ತೆರೆದಿದ್ದನ್ನು ನೋಡಿದೆ. ಆಮೇಲೆ ವಾಸನೆ ಬಂತು.

ಹನುಮಕ್ಕ ಅವಳ ಕೈಯನ್ನು ನೀರಿನ ಬಕೆಟ್ಟಿಗೆ ಅದ್ದಿ ಹಿಡಿದಳು. ನಾನು ಆಫೀಸಿಗೆ ಓಡಿದೆ. ಸ್ಪೀಕರಿನ ಸ್ವಿಚ್ಚು, ಟೇಪ್ ರೆಕಾರ್ಡರು ಎಲ್ಲ ಇದ್ದದ್ದು ಗೋಪಿನಾಥರ ಕೋಣೆಯಲ್ಲಿ.

"ಸಾರ್, ಸುಜಾತಾ ಕೈ ಸುಟ್ಕೊಂಡಿದಾಳೆ. ತುಂಬಾ ಸುಟ್ಟಿದೆ. ಮೊದಲು ಹಾಡು ನಿಲ್ಲಿಸಿ."

"ಫಸ್ಟ್ ಏಡ್ ಬಾಕ್ಸಲ್ಲಿ ಮುಲಾಮಿದೆ, ಹಚ್ಚಿ. ಆಟೋಗೆ ಹೇಳಿ ಕಳಿಸ್ತೀನಿ, ಆಸ್ಪತ್ರೆಗೆ ಕರ್ಕೊಂಡ್ಹೋಗಿ."

"ಹಾಡು ಸಾರ್."

"ಹಾಡು ನಿಂತ್ರೆ ಎಲ್ರೂ ಎದ್ದು ಅಲ್ಲಿಗೇ ಹೋಗ್ತಾರೆ ವನಜಾ. ಅರ್ಧ ಗಂಟೆ ಹಾಳು." ಆಮೇಲೆ ದನಿ ಇನ್ನಷ್ಟು ಮೆತ್ತಗೆ ಮಾಡಿ ಹೇಳಿದರು. "ಹಾಡು ನಿಂತ್ರೆ ಏನಾಗುತ್ತೆ ಅಂತ ನಿಮ್ಮ ಚಾರ್ಟೇ ಹೇಳುತ್ತಲ್ಲ."

ಆಸ್ಪತ್ರೆಯಲ್ಲಿ ಸುಜಾತಾ ಅಳಲಿಲ್ಲ. ಡಾಕ್ಟರು ಬೆರಳುಗಳನ್ನು ಬಗ್ಗಿಸಲು ಹೇಳಿದರು. ಎರಡು ಬೆರಳು ಬಗ್ಗಲಿಲ್ಲ. "ಬಲಗೈ ಅಲ್ವಲ್ಲ, ಪುಣ್ಯ" ಎಂದು ನಾನೇನೋ ಸಮಾಧಾನ ಹೇಳಲು ಹೋದೆ. ಅವಳು ನನ್ನನ್ನೇ ನೋಡಿ, "ಎಡಗೈ ಇಲ್ದೆ ಸೀಸ ಹಿಡಿಯೋದು ಹೆಂಗೆ ಮೇಡಂ?" ಎಂದಳು.

ಆ ಭಾನುವಾರ ನಾನು ಹನುಮಕ್ಕನ ಮನೆ ಹುಡುಕಿಕೊಂಡು ಚಿಕ್ಕಲಸಂದ್ರಕ್ಕೆ ಹೋದೆ. ಬಸ್ಸಿಳಿದ ಮೇಲೆ ದೂರ ನಡೆಯಬೇಕಿತ್ತು. ದಾರಿಯ ಎರಡೂ ಕಡೆ ರಾಗಿ ಹೊಲಗಳು, ಅವುಗಳ ನಡುವೆ ಸೈಟಿನ ಗುರುತಿಗೆ ನೆಟ್ಟ ಬಿಳಿ ಕಲ್ಲುಗಳು. ನೆಲ ಹಸಿಯಾಗಿ ಚಪ್ಪಲಿಗೆ ಅಂಟುತ್ತಿತ್ತು. ಚಿಕ್ಕಪ್ಪನ ಮಗನ ಟೇಪ್ ರೆಕಾರ್ಡರನ್ನು ಚೀಲದಲ್ಲಿಟ್ಟುಕೊಂಡಿದ್ದೆ. ನನ್ನ ತಲೆಯಲ್ಲಿ ಒಂದು ಉಪಾಯವಿತ್ತು. ಹಳ್ಳಿಯಿಂದ ಬರುವ ಹೆಂಗಸರು ಹನುಮಕ್ಕ ಬೀಸುವ ಪದ ಚೆನ್ನಾಗಿ ಹಾಡುತ್ತಾಳೆ ಎನ್ನುತ್ತಿದ್ದರು. ರಾಗಿ ಬೀಸುವ ಆ ಪದಗಳು ನಿಧಾನದವು. ಅವನ್ನು ರೆಕಾರ್ಡು ಮಾಡಿ, ಓಡಿಸುವ ಹಾಡುಗಳ ನಡುವೆ ಸೇರಿಸಿಬಿಟ್ಟರೆ ಹೆಂಗಸರಿಗೆ ಉಸಿರಾಡಲು ಬಿಡುವು ಸಿಗುತ್ತದೆ. ಮತ್ತೊಂದು ಪಟ್ಟಿ. ಪಟ್ಟಿಯಿಂದ ಆದದ್ದನ್ನು ಪಟ್ಟಿಯಿಂದಲೇ ಸರಿಮಾಡುತ್ತೇನೆ ಎಂದುಕೊಂಡಿದ್ದೆ.

ಹನುಮಕ್ಕ ಹೊಸಿಲ ಬಳಿ ಅಲಸಂದೆ ಬಿಡಿಸುತ್ತಿದ್ದಳು. ಮೂಲೆಯಲ್ಲಿ ಬೀಸುವ ಕಲ್ಲಿತ್ತು, ಮೇಲೆ ಗೋಣಿಚೀಲ ಹೊದಿಸಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಆಮೇಲೆ ಕೇಳಿದಳು.

"ಅಲ್ಲ ಕಣವ್ವ, ಯಾವ್ ಪದಕ್ಕೆ ನಮ್ ಕೈ ಓಡ್ತದೆ ಅಂತ ಆವಯ್ಯಂಗೆ ಹೆಂಗ್ ಗೊತ್ತಾಯ್ತು? ಅವ್ನು ಹಾಲಿಗೆ ಕಾಲಿಕ್ಕಿದ್ದೇ ಇಲ್ವಲ್ಲ."

ಬೇರೆ ಏನಾದರೂ ಹೇಳಬಹುದಿತ್ತು. "ನಾನೇ ಬರ್ದುಕೊಟ್ಟೆ" ಎಂದೆ. "ಹಾಡಿಗೊಂದ್ಸಲ ಎಣಿಸಿ ಬರ್ದುಕೊಟ್ಟೆ. ಹೀಗಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಅಲಸಂದೆ ಕಾಯಿಯ ಮೇಲಿದ್ದ ಅವಳ ಕೈ ನಿಂತಿತು. ನಾನು ಚೀಲದಿಂದ ಟೇಪ್ ರೆಕಾರ್ಡರು ತೆಗೆದು ಮುಂದಿಟ್ಟದ್ದೇ ಅವಳ ದನಿ ಎದ್ದಿತು. ಕೂಗಲಿಲ್ಲ, ಕೂಗಿದ್ದರೆ ಚೆನ್ನಾಗಿತ್ತು.

"ಅದ್ನ ಒಳಕ್ಕಿಕ್ಕು. ಇದ್ನೂ ಹಿಡ್ಕೊಂಡೋಗಿ ಅವ್ನ ಕೈಗೆ ಕೊಡ್ತೀಯಾ? ನಮ್ ಹೊಲ ಅಳ್ಯಕ್ಕೆ ಬಂದೋರೂ ಹಿಂಗೇ ಬಾಯ್ತುಂಬಾ ಅಕ್ಕಾ ಅಂದು, ನೀರ್ ಕೇಳಿ ಕುಡ್ದು, ಆಮ್ಯಾಕೆ ಸರಪಳಿ ಎಳ್ದ್ರು. ನೀನೂ ಹಂಗೇ ನಮ್ ಪಕ್ಕ ಕೂತು, ಏನಿಷ್ಟ ಅಂತ ಕೇಳಿ, ನಮ್ಮನ್ನ ಅಳೆದುಬುಟ್ಟೆ."

"ಹನುಮಕ್ಕ, ನಾನು..."

"ಬೀಸೋವಾಗ ಪದ ನಮ್ ಕೈ ಹಿಂದೆ ಬರ್ತಿತ್ತು ಕಣೆ. ಕೈ ಸೋತ್ರೆ ಪದಾನೂ ಸೋಲೋದು. ಯಾರೂ ಕೇಳಾಕಿರ್ಲಿಲ್ಲ. ನೀನು ಪದಾನ ಮುಂದೆ ಬಿಟ್ಟು ನಮ್ ಕೈನ ಅದ್ರ ಹಿಂದೆ ಓಡಿಸ್ದೆ. ಆ ಕೂಸಿನ ಬೆಳ್ಳು ಹೋದ್ವು."

ಅಲ್ಲಿಯವರೆಗೆ ನನ್ನನ್ನು ಕಣವ್ವ ಎನ್ನುತ್ತಿದ್ದವಳು ಕಣೆ ಎಂದಳು. ಎದ್ದು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಕೂರು ಎನ್ನಲಿಲ್ಲ. ನಿಂತೇ ಕುಡಿದು, ಟೇಪ್ ರೆಕಾರ್ಡರು ಹೊತ್ತುಕೊಂಡು ಬಂದ ದಾರಿಯಲ್ಲೇ ವಾಪಸು ನಡೆದೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಕುದಿಯುತ್ತಿದ್ದೆ. ಮೊದಲು ಅವಳ ಮೇಲೆ. ಒಳ್ಳೆಯದು ಮಾಡಲು ಹೋದವಳಿಗೆ ಹೀಗೆನ್ನುತ್ತಾಳಲ್ಲ ಎಂದು. ಬಸ್ ಸ್ಟಾಪು ಮುಟ್ಟುವ ಹೊತ್ತಿಗೆ ಆ ಸಿಟ್ಟು ತನ್ನ ಸರಿಯಾದ ಜಾಗಕ್ಕೆ ಬಂದು ಕೂತಿತ್ತು.

ಸೋಮವಾರ ಹತ್ತು ಗಂಟೆಗೆ, ಸ್ಪೀಕರಿನ ಹಾಡು ಏರಿದ್ದಾಗ, ಎರಡನೇ ಸಾಲಿನಿಂದ ಬೇರೊಂದು ದನಿ ಕೇಳಿತು. ಹನುಮಕ್ಕ ತಲೆ ತಗ್ಗಿಸಿಕೊಂಡೇ ಹಾಡುತ್ತಿದ್ದಳು. ಬೀಸುವ ಪದ. ಎಳೆದು ಎಳೆದು, ಪ್ರತಿ ಸಾಲಿನ ಕೊನೆಗೂ ಕಲ್ಲು ಒಂದು ಸುತ್ತು ಬಂದ ಹಾಗೆ. ಪಕ್ಕದಲ್ಲಿದ್ದ ತಲಘಟ್ಟಪುರದ ಇಬ್ಬರಿಗೆ ಅದು ಗೊತ್ತಿತ್ತು, ಸೇರಿಕೊಂಡರು. ಗೊತ್ತಿಲ್ಲದವರು ಸಾಲಿನ ಕೊನೆಯ ಎಳೆತವನ್ನಷ್ಟೇ ಹಿಡಿದರು. ತಮಿಳು ಹುಡುಗಿಗೆ ಒಂದು ಪದವೂ ಗೊತ್ತಿರಲಿಲ್ಲ, ಅವಳೂ ಎಳೆದಳು. ಮೇಲೆ ನಾಲ್ಕು ಸ್ಪೀಕರುಗಳಲ್ಲಿ ನಾನು ಆರಿಸಿದ ಹಾಡು, ಕೆಳಗೆ ಇವರು. ಗೋಪಿನಾಥರು ಸದ್ದು ಏರಿಸಿದರು. ಸ್ಪೀಕರು ಕರಕರ ಎಂದಿತು. ಹೆಂಗಸರೂ ಏರಿಸಿದರು. ಕೈಗಳು ಮಾತ್ರ ನಿಲ್ಲಲಿಲ್ಲ. ಯಾರೂ ಕೆಲಸ ಬಿಡಲಿಲ್ಲ, ಯಾರೂ ಎದ್ದು ನಿಲ್ಲಲಿಲ್ಲ. ಬೋರ್ಡುಗಳು ಒಂದಾದ ಮೇಲೊಂದು ಮುಗಿಯುತ್ತಿದ್ದವು, ಬೀಸುವ ಕಲ್ಲಿನ ವೇಗದಲ್ಲಿ.

ನಾನು ಎಣಿಸಿದೆ. ಆ ಗಂಟೆಯ ಲೆಕ್ಕ ದಿನಕ್ಕೆ ನೂರಿಪ್ಪತ್ತರ ಹಳೆಯ ಲೆಕ್ಕಕ್ಕೆ ಸರಿಯಾಗಿತ್ತು. ಹಾಗೆಯೇ ಬರೆದೆ. ಹನ್ನೊಂದಕ್ಕೂ ಅದೇ. ಹನ್ನೆರಡಕ್ಕೆ ಗೋಪಿನಾಥರು ಕೋಣೆಯಿಂದ ಹೊರಗೆ ಬಂದು ಹಾಲಿನ ಬಾಗಿಲಲ್ಲಿ ನಿಂತಾಗ ನಾನು ಅವರ ಕೋಣೆಗೆ ಹೋಗಿ ಸ್ವಿಚ್ಚು ಆರಿಸಿ, ನಾಲ್ಕೂ ಕ್ಯಾಸೆಟ್ಟುಗಳನ್ನು ಬ್ಯಾಗಿಗೆ ಹಾಕಿಕೊಂಡೆ. ಹಾಲಿನಲ್ಲಿ ಸ್ಪೀಕರು ಸತ್ತಿತು. ಹೆಂಗಸರ ದನಿ ಒಂದೇ ಉಳಿಯಿತು. ಅವರು ಅದಕ್ಕಾಗಿ ಸಂಭ್ರಮಪಡಲೂ ಇಲ್ಲ.

ನನ್ನನ್ನು ಅಂದೇ ಕೆಲಸದಿಂದ ತೆಗೆಯಲಿಲ್ಲ. ಬುಧವಾರದವರೆಗೆ ಅದೇ ಪದ, ಅದೇ ಲೆಕ್ಕ. ಗುರುವಾರ ಗೋಪಿನಾಥರು ಕರೆಸಿದರು. ಕೂರಲು ಹೇಳಿದರು. ಕಾಫಿಯೂ ಬಂತು.

"ಒಂದು ನೋಟೀಸ್ ಟೈಪ್ ಮಾಡ್ಬೇಕು. ಕೆಲಸದ ವೇಳೆಯಲ್ಲಿ ಹಾಲಿನಲ್ಲಿ ಯಾರೂ ಹಾಡಕೂಡದು, ಹಾಡಿದವರ ಮೇಲೆ ಕ್ರಮ. ಎರಡು ಸಾಲು ಸಾಕು."

"ನಾನು ಮಾಡಲ್ಲ ಸಾರ್."

"ಹಾಲ್‌ಗೆ ಹಾಡು ತಂದಿದ್ದೇ ನೀವಲ್ವಾ ವನಜಾ? ಈಗ ನಿಲ್ಲಿಸೋಕೆ ಯಾಕೆ ಇಷ್ಟು ಬೇಜಾರು?"

ನಗುತ್ತಾ ಕೇಳಿದರು. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಕ್ಷಮಿಸಬೇಕೆಂಬ ಆಸೆಯೂ ಇಲ್ಲ. ವಯಸ್ಸಾದ ಮೇಲೆ ಮನಸ್ಸು ತಿಳಿಯಾಗುತ್ತದೆ ಎನ್ನುವವರು ಯಾರ ಮೇಲೆ ಸಿಟ್ಟಾಗಿದ್ದರೋ ನಾನರಿಯೆ. "ಸುಜಾತಾ ಕೂಗಿದ್ದು ನನಗೆ ಕೇಳಿಸ್ಲಿಲ್ಲ ಸಾರ್. ಮೂರಡಿ ದೂರದಲ್ಲಿದ್ದೆ" ಎಂದೆ. ಅವರು ಬೆಲ್ಲು ಒತ್ತಿ, ಟೈಪಿಸ್ಟ್ ಯಾರಾದರೂ ಇದ್ದರೆ ಕಳಿಸಲು ಹೇಳಿದರು. ಮಧ್ಯಾಹ್ನಕ್ಕೆ ನನ್ನ ಕಾಗದ ಸಿದ್ಧವಾಗಿತ್ತು. ಸೇವೆ ಇನ್ನು ಬೇಕಾಗಿಲ್ಲ ಎಂದು ಒಂದೇ ಸಾಲು.

ಹೋಗುವಾಗ ಹಾಲಿನೊಳಗಿಂದಲೇ ಹೋಗಬೇಕಿತ್ತು. ಹಾಡುತ್ತಿದ್ದರು. ಎರಡನೇ ಸಾಲಿನ ಹತ್ತಿರ ನನ್ನ ಹೆಜ್ಜೆ ತಾನಾಗಿ ನಿಧಾನವಾಯಿತು. ಹನುಮಕ್ಕ ತಲೆ ಎತ್ತಬಹುದು, ನನ್ನ ಕೈಯಲ್ಲಿದ್ದ ಕಾಗದ ನೋಡಬಹುದು ಎಂದುಕೊಂಡೆ. ಅವಳು ಎತ್ತಲಿಲ್ಲ. ಕಡ್ಡಿಯ ತುದಿಯನ್ನು ಒರೆಸಿ ಇನ್ನೊಂದು ಬೋರ್ಡು ಎಳೆದುಕೊಂಡಳು. ನಾನು ಅವರ ಪರವಾಗಿ ಕೆಲಸ ಕಳೆದುಕೊಂಡವಳು ಎಂದು ಆ ಹಾಲಿನಲ್ಲಿ ಯಾರಿಗೂ ಅನಿಸಲಿಲ್ಲ. ಅನಿಸಬೇಕಾಗಿಯೂ ಇರಲಿಲ್ಲ. ಹೊರಗೆ ಮಳೆ ಹನಿಯುತ್ತಿತ್ತು. ನೆನೆದುಕೊಂಡೇ ಮನೆಗೆ ಹೋದೆ.

ನಾನು ಆಮೇಲೆ ಬನಶಂಕರಿಯ ಒಂದು ಪ್ರೈಮರಿ ಶಾಲೆಯಲ್ಲಿ ಟೀಚರಾದೆ, ಅಲ್ಲೇ ನಿವೃತ್ತಳಾದೆ. ಗೋಪಿನಾಥರು ದೊಡ್ಡ ಕಂಪನಿಯೊಂದಕ್ಕೆ ಹೋದರಂತೆ. ಕೆಲಸದ ಜಾಗದಲ್ಲಿ ಸಂಗೀತ ಎಂಬ ವಿಷಯದ ಮೇಲೆ ಅಲ್ಲಿ ಇಲ್ಲಿ ಭಾಷಣ ಮಾಡುತ್ತಾರೆ, ಕೆಂಪು ಹಸಿರು ಗೆರೆಗಳ ಒಂದು ಚಾರ್ಟು ತೋರಿಸುತ್ತಾರೆ ಎಂದು ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗುಮಾಸ್ತರೊಬ್ಬರು ಹೇಳಿದ್ದರು. ಆ ದಿನ ತರಗತಿಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿದ್ದೆ.

ಐದಾರು ವರ್ಷ ಕಳೆದ ಮೇಲೆ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಸುಜಾತಾ ಸಿಕ್ಕಿದಳು. ಅವಳೇ ಗುರುತು ಹಿಡಿದು ಮಾತಾಡಿಸಿದ್ದು. ಕಂಕುಳಲ್ಲಿ ಮಗುವಿತ್ತು. ಬೆಸುಗೆ ಬಿಟ್ಟು ಪ್ಯಾಕಿಂಗಿನಲ್ಲಿದ್ದಾಳಂತೆ, ಅದೇ ಫ್ಯಾಕ್ಟರಿ. ದಿನದ ಲೆಕ್ಕ ಕೊನೆಗೆ ನೂರ ಮೂವತ್ತಕ್ಕೆ ನಿಂತಿತಂತೆ. ಹನುಮಕ್ಕ ಆರೋಗ್ಯವಾಗಿದ್ದಾಳೆ ಎಂದಳು.

"ನನ್ನ ಬಗ್ಗೆ ಏನಾದ್ರೂ ಅಂತಾರಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಇಲ್ಲ ಮೇಡಂ" ಎಂದಳು ಸುಜಾತಾ, ಸುಳ್ಳು ಹೇಳುವ ಅಭ್ಯಾಸವಿಲ್ಲದವಳು.

ಆಮೇಲೆ ನಾನು ಹಾಡಕೂಡದು ಎಂಬ ಆ ನೋಟೀಸಿನ ವಿಷಯ ಕೇಳಿದೆ. ಅಂಟಿಸಿದರಾ?

"ನೀವು ಹೋದ್ ಮಾರ್ನೇ ದಿನಾನೇ ಅಂಟಿಸಿದ್ರು. ಹಾಡಿದ್ರೆ ಕೆಲಸದಿಂದ ತೆಗಿತೀವಿ ಅಂತ. ಅವತ್ತು ನಾನು ಕೈಗೆ ಬಟ್ಟೆ ಸುತ್ಕೊಂಡು ಸಂಬಳದ ಚೀಟಿ ತಗೊಳ್ಳಕ್ಕೆ ಬಂದಿದ್ದೆ, ಬಾಗಿಲಲ್ಲೇ ನಿಂತ್ಕೊಂಡು ನೋಡ್ದೆ. ಒಂದ್ ಗಂಟೆ ಎಲ್ರೂ ಸುಮ್ನಿದ್ರು. ಆಮೇಲೆ ಎಲ್ಲಿಂದ್ಲೋ ಮ್‌ ಅಂತ ಶುರುವಾಯ್ತು. ಬಾಯಿ ತೆಗೀದೆ, ಮೂಗಲ್ಲೇ. ಇಡೀ ಹಾಲು. ಗೋಪಿನಾಥ್ ಸಾರ್ ಓಡ್ಬಂದ್ರು. ಯಾರು, ಯಾರು ಅಂತ ಒಂದೊಂದ್ ಬೆಂಚಿನ ಹತ್ರಾನೂ ಬಗ್ಗಿ ನೋಡ್ಕೊಂಡು ಹೋದ್ರು. ಹತ್ರ ಹೋದ್ರೆ ನಿಲ್ಲೋದು, ಮುಂದೆ ಹೋದ್ರೆ ಹಿಂದೆ ಶುರುವಾಗೋದು. ಆರೂ ಸಾಲು ಸುತ್ತಿದ್ರು ಮೇಡಂ, ಬೆವರು ಒರೆಸ್ಕೊಂಡು. ಎಪ್ಪತ್ತು ಬಾಯೂ ಮುಚ್ಚಿತ್ತು."